ಮೂರನೇ ಸಾಲಿಗೆ ಸಿಹಿನೀರು

ಕುಂಡದ ಮಣ್ಣನ್ನು ಚಿಟಿಕೆ ತೆಗೆದು ನಾಲಿಗೆಗಿಟ್ಟುಕೊಂಡ ಸಬ್‌ಇನ್‌ಸ್ಪೆಕ್ಟರ್ ಪದ್ಮಶ್ರೀ ಥೂ ಅಂತ ಪಕ್ಕಕ್ಕೆ ಉಗಿದಳು.

ಉಪ್ಪು. ಗಂಟಲು ಹಿಡಿಯುವಂಥ ಉಪ್ಪು. ಬಾಟಲಿ ನೀರಿನಲ್ಲಿ ಬಾಯಿ ಮುಕ್ಕಳಿಸಿ ಎರಡನೇ ಸಾಲಿಗೆ ಹೋದಳು. ಅಲ್ಲೂ ಅದೇ. ಯೂನಿಫಾರಂ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತು ಮಣ್ಣು ನೆಕ್ಕುವ ಮಗಳನ್ನು ಮಾಲೂರಿನ ಅವಳಮ್ಮ ನೋಡಿದ್ದರೆ, "ನೀನು ಹೊಟ್ಟೇಲಿದ್ದಾಗ ನಾನು ತಿಂದಿದ್ದು ಸಾಲದಾಯ್ತೇನೇ" ಅಂತ ಕೇಳುತ್ತಿದ್ದಳು.

ಆಚೆ ಅಂಗಳದಲ್ಲಿ ಕೊಳೆತ ಮಾವಿನಹಣ್ಣಿನ ರಾಶಿ ಬಿದ್ದಿತ್ತು. ಮಾವು ಹಣ್ಣುಗಳ ರಾಜ ಅಂತಾರೆ. ರಾಜ ಕೊಳೆತರೆ ಎಂಥ ನಾತ ಹೊಡೆಯುತ್ತಾನೆ ಅನ್ನೋದು ಶ್ರೀನಿವಾಸಪುರದ ಕಡೆ ವರ್ಗವಾಗಿ ಬಂದ ಮೇಲೇ ಅವಳಿಗೆ ಗೊತ್ತಾಗಿದ್ದು. ಅಲ್ಲಿಂದೆದ್ದ ನೊಣಗಳು ನರ್ಸರಿಯ ಸಸಿಗಳ ನೆರಳಿಗೆ ಕಟ್ಟಿದ್ದ ಶೇಡ್‌ನೆಟ್‌ನ ತೂತುಗಳಲ್ಲಿ ನುಗ್ಗಿ ಬಂದು ಅವಳ ತುಟಿಯ ಮೇಲೇ ಕೂರುತ್ತಿದ್ದವು.

ಮೂರನೇ ಸಾಲಿನ ಮಣ್ಣನ್ನು ನಾಲಿಗೆಗಿಟ್ಟುಕೊಂಡು ಅವಳು ಉಗಿಯಲಿಲ್ಲ. ಇನ್ನೊಂದು ಕುಂಡದಿಂದ ಇನ್ನೊಂದು ಚಿಟಿಕೆ ತೆಗೆದಳು. ಬರೀ ಮಣ್ಣು. ಉಪ್ಪೂ ಇಲ್ಲ, ಏನೂ ಇಲ್ಲ.

ನಾಲ್ಕನೇ ಸಾಲಿನಲ್ಲಿ ಮತ್ತೆ ಉಪ್ಪು.

ಅವಳಪ್ಪ ಮಾಲೂರಿನ ಇಟ್ಟಿಗೆ ಗೂಡಿನಲ್ಲಿ ಮೇಸ್ತ್ರಿಯಾಗಿದ್ದವನು. ಮಣ್ಣಿನಲ್ಲಿ ಉಪ್ಪಿದ್ದರೆ ಇಟ್ಟಿಗೆಯ ಮೇಲೆ ಬಿಳಿ ಹೂ ಏಳುತ್ತೆ ಅಂತ, ಲಾರಿ ಮಣ್ಣು ಬಂದ ಕೂಡಲೇ ನಾಲಿಗೆಗಿಟ್ಟು ನೋಡುತ್ತಿದ್ದ. ಇಲ್ಲೂ ಹಾಗೇ. ಮೂರನೇದು ಬಿಟ್ಟು ಉಳಿದ ಮೂರು ಸಾಲಿನ ಕುಂಡಗಳ ಮೇಲೆ ಬಿಳಿ ಹೊಪ್ಪಳೆ ಎದ್ದಿತ್ತು. ಆ ಸಾಲುಗಳ ಮಾವಿನ ಸಸಿಗಳಿಗೆ ಎಲೆಯ ತುದಿಯಿಂದ ಸುಟ್ಟುಕೊಂಡು ಬಂದಿತ್ತು. ಮೂರನೇ ಸಾಲಿನ ಸಸಿಗಳು ಮಾತ್ರ ಮದುವಣಗಿತ್ತಿಯರ ಹಾಗೆ ನಳನಳಿಸುತ್ತಿದ್ದವು. ಬಿಳಿ ಹೊಪ್ಪಳೆ ಅಲ್ಲಿ ಕುಂಡದ ಮೇಲಿರಲಿಲ್ಲ, ಕೆಳಗೆ ನೆಲದ ಮೇಲಿತ್ತು. ಯಾರೋ ಒಳ್ಳೆ ನೀರು ಸುರಿದು ಸುರಿದು ಉಪ್ಪನ್ನೆಲ್ಲ ಕೆಳಗಿಳಿಸಿದ್ದರು.

ಇದೇ ನೆಲದ ಮೇಲೆ ನಿನ್ನೆ ಸಂಜೆ, ಉಪ್ಪುನೀರಿಗೆ ಯಾವ ಮಾವಿನ ತಳಿ ತಡೆಯುತ್ತೆ ಅಂತ ಪರೀಕ್ಷೆ ಮಾಡುತ್ತಿದ್ದ ನರೇಶ್ ತಲೆ ಒಡೆದು ಬಿದ್ದಿದ್ದ. ಅವನನ್ನು ಹೊತ್ತು ಗಾಡಿಗೆ ಹಾಕಿಕೊಂಡು ಹೋಗಿ ಕೋಲಾರದ ಆಸ್ಪತ್ರೆಗೆ ಸೇರಿಸಿದ್ದು ನೀರು ಹಾಯಿಸುವ ಆಂಜಿ. ಅಂಗಿ ತುಂಬ ರಕ್ತ ಇದೆ ಅಂತ ಆಸ್ಪತ್ರೆಯ ಬಾಗಿಲಲ್ಲೇ ಅವನನ್ನು ಹಿಡಿದು ಲಾಕಪ್ಪಿಗೆ ತಳ್ಳಿದ್ದೂ ಆಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಪದ್ಮಶ್ರೀ ಮುಳಬಾಗಿಲಿನ ಬಂದೋಬಸ್ತ್ ಮುಗಿಸಿ ಬೆಳಿಗ್ಗೆ ಠಾಣೆಗೆ ಬರುವಷ್ಟರಲ್ಲಿ ಹೆಡ್ ಕಾನ್‌ಸ್ಟೇಬಲ್ ಶ್ರೀಧರ್, ನರೇಶ್ ಗಲಾಟೆ ಮಾಡಿದಾಗ ಆಂಜಿಯೇ ಹೊಡೆದ ಅಂತ, ಎಲ್ಲ ಬರೆದು ಮುಗಿಸಿದ್ದ. ಸಂಜೆಯೊಳಗೆ ಆಂಜಿಯನ್ನು ಕೋರ್ಟಿಗೆ ಹಾಜರುಪಡಿಸಬೇಕು. ನರೇಶ್ ಕಣ್ಣು ಬಿಟ್ಟು ಒಂದು ಮಾತಾಡಿದರೆ ಆಂಜಿ ಬಚಾವು. ಬಿಡದಿದ್ದರೆ ಕೊಲೆ ಕೇಸು.

ಅವಳು ಶ್ರೀಧರನಿಗೆ ಫೋನ್ ಮಾಡಿದಳು. ಆಸ್ಪತ್ರೆಯಲ್ಲಿ ನರೇಶನ ಕಾವಲಿಗೆ ಬೆಳಿಗ್ಗೆ ಅವನನ್ನೇ ಕಳಿಸಿದ್ದಳು.

"ಹೇಗಿದಾನೆ ರೀ?"

"ಹಂಗೇ ಇದಾನೆ ಮೇಡಂ. ಈಗೊಂದು ಸ್ವಲ್ಪ ಹೊತ್ತಿನ ಮುಂಚೆ ಬೆರಳು ಅಲ್ಲಾಡಿಸಿದ. ನಾನೊಬ್ಬನೇ ನೋಡಿದ್ದು. ಡಾಕ್ಟರು ಬಂದ ಮೇಲೆ ಹೇಳ್ತೀನಿ."

"ಹೊಡೆದಿದ್ದು ಯಾವುದರಿಂದ ಅಂತ ಇನ್ನೂ ಗೊತ್ತಾಗಿಲ್ಲ. ಉಪ್ಪು ತೂಗೋ ತಕ್ಕಡಿ ಹತ್ತಿರ ಎರಡು ಕೆಜಿ ತೂಕದ ಕಲ್ಲು ಕಾಣ್ತಿಲ್ಲ."

"ಆಂಜಿ ಮನೆ ಹುಡುಕ್ಸಿ ಮೇಡಂ, ಅಲ್ಲೇ ಸಿಗುತ್ತೆ. ಇನ್ನೂ ನಮ್ಮೋರು ಯಾರೂ ಆ ಕಡೆ ಹೋಗಿಲ್ಲ. ನೀವೇ ಪಂಚರನ್ನ ಸಾಕ್ಷಿಗೆ ಕರ್ಕೊಂಡು ಹೋದ್ರೆ ಕೇಸು ಬಲವಾಗಿರುತ್ತೆ."

ಅವನ ಬಾಯಲ್ಲಿ ಏನೋ ಇತ್ತು, ಚೀಪುತ್ತಲೇ ಮಾತಾಡುತ್ತಿದ್ದ. ಮಾವಿನಹಣ್ಣೇ ಇರಬೇಕು. ನರ್ಸರಿಯ ಮಾಲೀಕರು ಠಾಣೆಗೆ ಕಳಿಸಿದ್ದ ಹಣ್ಣಿನ ಕ್ರೇಟನ್ನು ಬೆಳಿಗ್ಗೆ ವಾಪಸ್ ಕಳಿಸಿ ಅಂತ ಅವನಿಗೇ ಹೇಳಿದ್ದಳು. ಎಷ್ಟು ವಾಪಸ್ ಹೋಯಿತೋ ಆ ದೇವರೇ ಬಲ್ಲ. ಅವಳು ಫೋನಿಟ್ಟು ಕೈ ಒರೆಸಿಕೊಂಡಳು.

ಶೇಡ್‌ನೆಟ್‌ನ ಬಾಗಿಲ ಬಳಿ, ಆಂಜಿಯ ತಾಯಿ ಶಾಮಲಮ್ಮ ಬೆಳಗಿನಿಂದ ಕೂತಿದ್ದಳು. ರಾಯಲ್ಪಾಡಿನ ಕಡೆಯ ಹೆಂಗಸು. ಮೋಟು ಆಳು, ನಿಂತರೆ ಪದ್ಮಶ್ರೀಯ ಭುಜಕ್ಕೂ ಬರುವವಳಲ್ಲ. ಮಗನ ಜೊತೆ ಇಲ್ಲೇ ಕೆಲಸ, ನರ್ಸರಿಯ ಹಿಂದಿನ ಕೂಲಿ ಲೈನಿನಲ್ಲಿ ಮನೆ.

"ಶಾಮಲಮ್ಮ, ಈ ಪರೀಕ್ಷೆಗೆ ಉಪ್ಪು ಹೇಗೆ ಕೊಡ್ತಿದ್ರಿ? ಮೊದಲಿಂದ ಹೇಳಿ."

"ನರೇಶಪ್ಪ ತೂಗಿ ಆ ಕಲ್ಲಿನ ಮೇಲಿಡ್ತಿದ್ದ. ಕೈಯಿಂದ ಕೈಗೆ ಉಪ್ಪು ಕೊಟ್ರೆ ಜಗಳ ಆಗ್ತದಲ್ಲಮ್ಮ, ಅದಕ್ಕೆ." ಬಾಗಿಲ ಪಕ್ಕದ ಚಪ್ಪಡಿ ಕಲ್ಲನ್ನು ತೋರಿಸಿದಳು. "ಆಯಪ್ಪ ಮೊದಮೊದಲು ನಗ್ತಿದ್ದ. ಆಮೇಲೆ ತಾನೂ ಅಲ್ಲೇ ಇಡ್ತಿದ್ದ. ನಮ್ಮ ಆಂಜಿ ತಗೊಂಡು ಡ್ರಮ್ಮಲ್ಲಿ ಕದಡಿ ನಾಲ್ಕೂ ಸಾಲಿಗೆ ಒಂದೇ ಅಳತೆ ಹಾಕ್ತಿದ್ದ."

"ಹಾಕಿದ ಮೇಲೆ ಮೂರನೇ ಸಾಲಿಗೆ ಮಾತ್ರ ಒಳ್ಳೆ ನೀರು ಹಾಕಿದ್ಯಾರು?"

ಶಾಮಲಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"ಆಂಜಿಗೆ ಏನೂ ಆಗಲ್ವಾ, ಹೇಳಿದ್ರೆ?"

"ಹೇಳದಿದ್ರೇ ಆಗೋದು."

"ನಾನೇಮ್ಮ ಹಾಕಿದ್ದು. ಆ ಸಾಲಿನ ಗಿಡ ನಮ್ಮ ತವರಿನ ಮರದ ಹಣ್ಣಿನ ವಾಟೆಯಿಂದ ಬಂದಿದ್ದು. ನಮ್ಮಮ್ಮ ನೆರಳಿಗೆ ತೊಟ್ಟಿಲು ಕಟ್ತಿದ್ದ ಮರ ಅದು. ನರೇಶಪ್ಪ ನಾಲ್ಕು ಜಾತಿ ನಾಟಿ ವಾಟೆ ಬೇಕು ಅಂದಾಗ, ನಾನೇ ಹೋಗಿ ಆಯ್ಕೊಂಡು ಬಂದೆ. ಆಮೇಲೆ ನೋಡಿದ್ರೆ ಉಪ್ಪುನೀರು ಹುಯ್ತಾರೆ. ಎಳೆ ಎಲೆ ಸುಟ್ಕೊಂಡು ಬರೋದು ನೋಡಿ ತಡಕೊಳ್ಳಕ್ಕಾಗಲಿಲ್ಲ. ಎಲ್ಲರೂ ಊಟಕ್ಕೆ ಹೋದಾಗ ಕುಡಿಯೋ ನೀರಿನ ಡ್ರಮ್ಮಿಂದ ಬಿಂದಿಗೇಲಿ ತಂದು ಹಾಕ್ತಿದ್ದೆ."

"ಹೋದ ವರ್ಷದಿಂದಲೂ?"

"ಹೂಂನಮ್ಮ."

"ಆಂಜಿಗೆ ಗೊತ್ತಿತ್ತಾ?"

"ಆಮೇಲೆ ಗೊತ್ತಾಯ್ತು. ಬೈದ. ಯಾರಿಗೂ ಹೇಳಲಿಲ್ಲ."

ಅದಕ್ಕೇ ಲಾಕಪ್ಪಿನಲ್ಲಿ ಕೂತು ಅವನು ತುಟಿ ಎರಡು ಮಾಡುತ್ತಿಲ್ಲ. ನಿನ್ನೆ ನರೇಶ್ ಯಾಕೆ ಗಲಾಟೆ ಮಾಡಿದ ಅಂತ ಹೇಳಿದರೆ ತಾಯಿಯ ಹೆಸರು ಬರುತ್ತೆ. ಪದ್ಮಶ್ರೀಗೆ ಒಂದು ಕ್ಷಣ ಕರುಳು ಚುರ್ ಅಂದಿತು.

ಆದರೆ ಈ ಬಿಂದಿಗೆ ನೀರು ಮಾಡಿದ ಅನಾಹುತ ಸಣ್ಣದಲ್ಲ. ಹೋದ ವರ್ಷದ ಪರೀಕ್ಷೆಯಲ್ಲಿ ಮೂರನೇ ಸಾಲು ಗೆದ್ದಿತ್ತು. ಬೇರು ಉಪ್ಪು ತಡೆದರೆ ಅದರ ಮೇಲೆ ಕಸಿ ಕಟ್ಟಿದ ಬಾದಾಮಿ ಮಾವೂ ಬದುಕುತ್ತೆ ಅಂತ, ಆ ವಾಟೆಯ ಸಸಿಗಳಿಗೇ ಬಾದಾಮಿ ಕಟ್ಟಿ, "ಉಪ್ಪಿಗೆ ಬಗ್ಗದ ಮಾವು" ಅಂತ ಬೋರ್ಡು ಹಾಕಿ ಮಾರಿದರು. ಮಾಸ್ತಿಯಿಂದ ಮುಳಬಾಗಿಲಿನವರೆಗೆ, ಬೋರ್‌ವೆಲ್ ನೀರು ಉಪ್ಪಾದ ಊರಿನ ಜನ ಆಸೆಯಿಂದ ನೆಟ್ಟರು. ಈಗ ಎಲ್ಲ ಕಡೆ ಗಿಡ ಸುಟ್ಟುಕೊಳ್ಳುತ್ತಿದೆ. ಪರೀಕ್ಷೆ ಎಲ್ಲಿ ತಪ್ಪಿತು ಅಂತ ಹುಡುಕಲು ಹೋಗಿಯೇ ನರೇಶ್ ನಿನ್ನೆ ಕುಂಡದ ಮಣ್ಣು ಕೆದಕಿದ್ದು.

"ನಾನು ಗಿಡ ಬದುಕ್ಲಿ ಅಂತ ಹಾಕಿದ್ನಮ್ಮ," ಅಂದಳು ಶಾಮಲಮ್ಮ. "ಅದು ಗೆಲ್ತದೆ, ಗೆದ್ದಿದ್ದನ್ನ ಮಾರ್ತಾರೆ ಅಂತ ನನಗೇನು ಗೊತ್ತು?"

"ನಿನ್ನೆಯಿಂದ ಊಟ ಮಾಡಿದೀರಾ?"

"ಒಲೆನೇ ಹಚ್ಚಿಲ್ಲ."

"ಮನೆಗೆ ಹೋಗಿ ಒಂದೆರಡು ಮುದ್ದೆ ತಿರುವಿ. ನೀವೂ ಉಣ್ಣಿ, ಆಂಜಿಗೂ ಕಟ್ಟಿಕೊಡಿ. ನಾನೇ ಅವನ ಕೈಗೆ ಕೊಡ್ತೀನಿ."

ಶಾಮಲಮ್ಮ ಕಣ್ಣೊರೆಸಿಕೊಂಡು ಲೈನಿನ ಕಡೆ ಹೋದಳು.

ಮೂರನೇ ಸಾಲಿನ ಒಂದು ಎಲೆ ಕಿತ್ತು ಪದ್ಮಶ್ರೀ ಬೆರಳಲ್ಲಿ ಉಜ್ಜಿದಳು. ಮಾವಿನಕಾಯಿಯ ಜೊತೆ ಕರ್ಪೂರ ಅರೆದ ಹಾಗೆ ಘಾಟು. ಉಳಿದ ಸಾಲಿನ ಎಲೆಗಳಲ್ಲಿ ಈ ಘಾಟಿಲ್ಲ. ಎಲೆಯನ್ನು ಜೇಬಿಗೆ ಹಾಕಿಕೊಂಡು ನರ್ಸರಿ ದಾಟಿ, ಮಾಲೀಕ ಕೋದಂಡರಾಮಪ್ಪನ ಮನೆ ಪಕ್ಕದ ಹೊಸ ತೋಟಕ್ಕೆ ನಡೆದಳು. ಅಲ್ಲೂ ಹೋದ ವರ್ಷ ನೆಟ್ಟ ಬಾದಾಮಿ ಕಸಿ. ಬಗ್ಗಿ, ಕಸಿಯ ಗಂಟಿನ ಕೆಳಗೆ, ಬೇರಿನ ಕಡೆಯಿಂದ ಒಡೆದಿದ್ದ ಚಿಗುರು ಮುರಿದು ಮೂಸಿದಳು. ಘಾಟಿಲ್ಲ. ಪಕ್ಕದ ಗಿಡದ್ದು ಮುರಿದಳು. ಅದರ ಪಕ್ಕದ್ದೂ. ಸಾಲು ಮುಗಿಸಿ ಮೇಲೆದ್ದಾಗ ಅವಳ ಮುಖ ಕಹಿ ಕುಡಿದವಳಂತಾಗಿತ್ತು.

ಕೋದಂಡರಾಮಪ್ಪ ಜಗಲಿಯಲ್ಲಿ ಕೂತು ರಸಪುರಿ ತಿನ್ನುತ್ತಿದ್ದ. ಎರಡೂ ಕೈಯಲ್ಲಿ ಹಿಸುಕಿ, ತೊಟ್ಟು ಕಚ್ಚಿ, ಎಮ್ಮೆಕರು ಕೆಚ್ಚಲಿಗೆ ಬಿದ್ದ ಹಾಗೆ ಚೀಪುತ್ತಿದ್ದ. ರಸ ಮೊಣಕೈವರೆಗೆ ಇಳಿದಿತ್ತು. ಅದನ್ನೂ ಬಿಡದೆ ಕೆಳಗಿನಿಂದ ಮೇಲಕ್ಕೆ ನೆಕ್ಕಿದ. ಬಿಳಿ ಮೀಸೆಯ ಮೇಲೆ ಹಳದಿ ನಾರು ಅಂಟಿತ್ತು.

"ಬನ್ನಿ ಮೇಡಂ, ಕೂತ್ಕೊಳ್ಳಿ. ಒಂದು ಹಣ್ಣು ತಗೊಳ್ಳಿ, ಗಿಡದಲ್ಲೇ ಹಣ್ಣಾಗಿದ್ದು."

"ಬೇಡ. ನಿಮ್ಮ ತೋಟ ನೋಡ್ಕೊಂಡು ಬಂದೆ. ಗಿಡ ಚೆನ್ನಾಗಿದಾವೆ."

"ಎಲ್ಲ ದೇವರ ದಯೆ."

"ನಿಮ್ಮ ಬೋರ್‌ವೆಲ್ ನೀರೂ ಉಪ್ಪೇ ಅಲ್ವಾ?"

"ಈ ಕಡೆ ಎಲ್ಲರದ್ದೂ ಉಪ್ಪೇ ಮೇಡಂ. ತೋಟಕ್ಕೆ ಟ್ಯಾಂಕರ್ ನೀರು ತರಿಸ್ತೀನಿ."

"ಉಪ್ಪಿಗೆ ಬಗ್ಗಲ್ಲ ಅಂತ ಊರಿಗೆಲ್ಲ ಮಾರಿದ ತಳಿ, ನಿಮ್ಮ ತೋಟದಲ್ಲಿ ಒಂದು ಗಿಡವೂ ಇಲ್ಲ. ಬೇರಿನ ಚಿಗುರು ಮುರಿದು ನೋಡಿದೆ. ಯಾಕೆ ನೆಡಲಿಲ್ಲ?"

ಅವನು ವಾಟೆಯನ್ನು ಬಾಯೊಳಗೆ ಹಾಕಿ ಒಂದು ಸುತ್ತು ತಿರುಗಿಸಿ ಹೊರಗೆ ತೆಗೆದ.

"ಮಾರಕ್ಕೇ ಸಾಲ್ತಿರಲಿಲ್ಲ. ನಮಗೆ ಎಲ್ಲಿ ಉಳೀಬೇಕು?"

"ಭಟ್ಟ ತಾನು ಮಾಡಿದ ಸಾರು ತಾನೇ ಉಣ್ಣಲ್ಲ ಅಂದ್ರೆ, ಸಾರಲ್ಲಿ ಹಲ್ಲಿ ಬಿದ್ದಿದ್ದು ಅವನಿಗೆ ಗೊತ್ತು ಅಂತ ಅರ್ಥ."

ಕೋದಂಡರಾಮಪ್ಪ ನಕ್ಕ. ಹಲ್ಲಿನ ಸಂದಿಯಲ್ಲೆಲ್ಲ ನಾರು. "ಸರಿ, ಗೊತ್ತಿತ್ತು ಅಂತಲೇ ಇಟ್ಕೊಳ್ಳಿ. ಆ ಶಾಮಲಮ್ಮ ಬಿಂದಿಗೆ ಹೊತ್ಕೊಂಡು ಓಡಾಡೋದನ್ನ ಇದೇ ಜಗಲಿಯಿಂದ ನೋಡ್ತಿದ್ದೆ. ಸುಮ್ಮನಿದ್ದೆ. ಸುಮ್ಮನಿರೋದು ಯಾವ ಸೆಕ್ಷನ್ ಮೇಡಂ?"

ಪದ್ಮಶ್ರೀ ಎಂತೆಂಥವರನ್ನೋ ನೋಡಿದ್ದಳು. ಹೆಂಡತಿಯನ್ನು ಕೊಂದು ಠಾಣೆಗೆ ಬಂದು ಟೀ ಕೇಳಿದವನನ್ನೂ ನೋಡಿದ್ದಳು. ಆದರೂ ಇವನೆದುರು ನಿಂತಾಗ ಸ್ನಾನ ಮಾಡಬೇಕು ಅನ್ನಿಸಿತು. ಒಬ್ಬ ಹೆಂಗಸು ತವರಿನ ಗಿಡ ಬದುಕಲಿ ಅಂತ ಕದ್ದು ನೀರು ಹಾಕಿದಳು. ಈ ಮನುಷ್ಯ ಜಗಲಿಯಲ್ಲಿ ಕೂತು ಹಣ್ಣು ಚೀಪುತ್ತಾ ಅದನ್ನು ನೋಡಿ ವ್ಯಾಪಾರಕ್ಕಿಳಿದ. ಥೂ, ಇವನ ಜನ್ಮಕ್ಕಿಷ್ಟು.

"ನರೇಶ್ ನಿನ್ನೆ ಇದನ್ನ ಕಂಡುಹಿಡಿದ. ನಿಮ್ಮನ್ನ ಕೇಳಿದ."

"ಕೇಳಿದ. ಊರಿಗೆಲ್ಲ ಹೇಳ್ತೀನಿ ಅಂತ ಕೂಗಾಡಿದ. ಹೋಗಿ ಹೇಳಪ್ಪ ಅಂದೆ. ಇಲ್ಲಿಗೆ ಬಂದು ಹಣ್ಣು ತಿಂದೆ."

"ಆಂಜಿ ಹೊಡೆದಿದ್ದನ್ನ ಕಣ್ಣಾರೆ ನೋಡಿದೆ ಅಂತ ಹೇಳಿಕೆ ಕೊಟ್ಟಿದೀರಿ. ಇಲ್ಲಿ ಕೂತು ಹಣ್ಣು ತಿನ್ನೋರಿಗೆ ಶೇಡ್‌ನೆಟ್ ಒಳಗೆ ನಡೆದಿದ್ದು ಕಾಣುತ್ತಾ?"

ಚೀಪುವುದು ನಿಂತಿತು.

"ಕೂಗು ಕೇಳಿಸ್ತು. ಹೋದೆ."

"ಹೇಳಿಕೆಯಲ್ಲಿ ಹಾಗಿಲ್ಲ. ಉಪ್ಪು ತಿಂದೋನು ನೀರು ಕುಡೀಲೇಬೇಕು, ಕೋದಂಡರಾಮಪ್ಪನವರೇ. ನಿಜ ಹೇಳಿ."

"ನನ್ನನ್ಯಾಕೆ ಕೇಳ್ತೀರಾ? ಆ ಹುಡುಗನ್ನೇ ಕೇಳಿ." ಪಂಚೆಗೆ ಕೈ ಒರೆಸಿಕೊಂಡ. "ಬೆರಳು ಅಲ್ಲಾಡಿಸಿದ್ನಂತಲ್ಲ. ಇನ್ನೇನು, ಎದ್ದು ಅವನೇ ಹೇಳ್ತಾನೆ."

"ಬೆರಳು ಅಲ್ಲಾಡಿಸಿದ್ದು ನಿಮಗೆ ಯಾರು ಹೇಳಿದ್ರು?"

ಅವನು ಬುಟ್ಟಿಯಲ್ಲಿ ಇನ್ನೊಂದು ಹಣ್ಣು ಹುಡುಕತೊಡಗಿದ. ಬುಟ್ಟಿಯ ಪಕ್ಕದಲ್ಲೇ ಅವನ ಫೋನಿತ್ತು. ಅದರ ಗಾಜಿನ ಮೇಲೂ ರಸದ ಬೆರಳಚ್ಚು ಹಸಿಯಾಗಿತ್ತು.

ಅಷ್ಟರಲ್ಲಿ ಶೇಡ್‌ನೆಟ್ ಕಡೆಯಿಂದ ಯಾರೋ ಕರೆದ ಹಾಗಾಯಿತು. ಶಾಮಲಮ್ಮ. ಮಡಿಲಲ್ಲಿ ಏನನ್ನೋ ಸೆರಗಿನಲ್ಲಿ ಸುತ್ತಿ ಹಿಡಿದು, ಉಪ್ಪಿನ ಚಪ್ಪಡಿ ಕಲ್ಲಿನ ಹತ್ತಿರ ನಿಂತಿದ್ದಳು. ಕೈಯಲ್ಲಿ ಊಟದ ಡಬ್ಬಿ ಇರಲಿಲ್ಲ. ಪದ್ಮಶ್ರೀ ಓಡುನಡಿಗೆಯಲ್ಲಿ ಹೋದಳು. ಕೋದಂಡರಾಮಪ್ಪನೂ ಹಿಂದೆ ಬಂದ.

"ಏನಮ್ಮ ಅದು? ಕೊಡಿ ಇಲ್ಲಿ."

"ಉಪ್ಪು ಮೆತ್ತಿದೆ. ಕೈಗೆ ಕೊಡಬಾರದು."

ಶಾಮಲಮ್ಮ ಬಗ್ಗಿ ಅದನ್ನು ಚಪ್ಪಡಿಯ ಮೇಲಿಟ್ಟಳು. ಸೆರಗು ಸರಿಸಿದಳು. ಕಬ್ಬಿಣದ ತೂಕದ ಕಲ್ಲು, ಎರಡು ಕೆಜಿಯದು. ಅಂಚಿಗೆ ಒಣಗಿದ ರಕ್ತ, ಅದಕ್ಕಂಟಿಕೊಂಡ ಕೂದಲು. ಅದರ ಮೇಲೆಲ್ಲ ರಾಗಿ ಹಿಟ್ಟು. ಎಲ್ಲಿತ್ತೋ ಒಂದು ನೊಣ, ಬಂದು ಅದರ ಮೇಲೆ ಕೂತಿತು.

ಪದ್ಮಶ್ರೀ ಅದನ್ನು ಓಡಿಸಿದಳು.

"ನಾನೇ ಹೊಡೆದಿದ್ದು," ಅಂದಳು ಶಾಮಲಮ್ಮ. "ನಾ ಬಿಡ್ಡನ್ನ, ನನ್ನ ಮಗನ್ನ ಬಿಟ್ಟುಬಿಡಮ್ಮ. ಅವನೇನೂ ಮಾಡಿಲ್ಲ. ನನ್ನನ್ನ ಕರ್ಕೊಂಡು ಹೋಗು."

ಸುಳ್ಳು. ನರೇಶ್ ಬಾಗಿಲಲ್ಲಿ ತಲೆ ಬಗ್ಗಿಸಿ ನುಗ್ಗಬೇಕಾದಷ್ಟು ಉದ್ದದ ಹುಡುಗ. ಪೆಟ್ಟು ಬಿದ್ದಿರುವುದು ನೆತ್ತಿಯ ಮೇಲೆ. ಈ ಹೆಂಗಸು ಏಣಿ ಹಾಕಿದರೂ ಅಲ್ಲಿಗೆ ಮುಟ್ಟುವವಳಲ್ಲ. ಮಗ ಹೊಡೆದು ಬಚ್ಚಿಟ್ಟಿದ್ದಾನೆ ಅಂದುಕೊಂಡು, ತನ್ನ ತಲೆ ಮೇಲೆ ಹಾಕಿಕೊಳ್ಳುತ್ತಿದ್ದಾಳೆ.

"ಎಲ್ಲಿತ್ತು ಇದು? ಸುಳ್ಳು ಹೇಳಬೇಡಿ. ಆಂಜಿ ಮೇಲಾಣೆ."

ಮಗನ ಆಣೆ ಅಂದ ಕೂಡಲೇ ಶಾಮಲಮ್ಮನ ಮುಖ ಕುಸಿಯಿತು. "ಹಿಟ್ಟಿನ ಡಬ್ಬದಲ್ಲಿ. ಮುದ್ದೆಗೆ ಹಿಟ್ಟು ತೆಗೆಯಕ್ಕೆ ಕೈ ಹಾಕಿದೆ, ಸಿಕ್ತು."

"ನಿನ್ನೆ ಬೆಳಿಗ್ಗೆ ಮುದ್ದೆ ಮಾಡಿದ್ರಾ?"

"ಮಾಡಿದ್ದೆ. ಆವಾಗ ಇರಲಿಲ್ಲ."

ಆಂಜಿ ನಿನ್ನೆ ಸಂಜೆ ಇಲ್ಲಿಂದ ನೇರ ಆಸ್ಪತ್ರೆಗೆ ಹೋದವನು. ಆಸ್ಪತ್ರೆಯಿಂದ ನೇರ ಲಾಕಪ್ಪಿಗೆ. ಮನೆಯ ಹೊಸಿಲು ತುಳಿದೇ ಇಲ್ಲ. ಹಿಟ್ಟಿನ ಡಬ್ಬಕ್ಕೆ ಇದನ್ನು ಹಾಕಿದವನು ಅವನಲ್ಲ. ಪದ್ಮಶ್ರೀಗೆ ಆ ಕ್ಷಣ ಎದೆ ಹಗುರಾಯಿತು. ಆಂಜಿಯನ್ನು ಬಿಡಿಸಲು ಇಷ್ಟು ಸಾಕು.

"ನಿನ್ನೆ ಸಂಜೆ ಆದ ಮೇಲೆ ನಿಮ್ಮ ಮನೆಯೊಳಗೆ ಯಾರು ಬಂದಿದ್ರು? ನೆನಪು ಮಾಡ್ಕೊಂಡು ಹೇಳಿ."

"ನಮ್ಮನೆಗೆ ಯಾರು ಬರ್ತಾರಮ್ಮ?" ಶಾಮಲಮ್ಮ ಯೋಚಿಸಿದಳು. "ನಿಮ್ಮೋರೇ ಒಬ್ಬರು. ಶ್ರೀಧರಪ್ಪನೋರು. ಮನೆ ನೋಡ್ಬೇಕು ಅಂತ ನನ್ನ ಆಚೆ ನಿಲ್ಸಿ, ಒಬ್ಬರೇ ಒಳಗೆ ಹೋಗಿ ಬಂದ್ರು."

ಇನ್ನೂ ನಮ್ಮೋರು ಯಾರೂ ಆ ಕಡೆ ಹೋಗಿಲ್ಲ, ಅಂದಿದ್ದ ಶ್ರೀಧರ್ ಫೋನಿನಲ್ಲಿ. ಅಲ್ಲೇ ಸಿಗುತ್ತೆ.

ಪದ್ಮಶ್ರೀ ತಿರುಗಿ ನೋಡಿದಳು. ಕೋದಂಡರಾಮಪ್ಪನ ಗದ್ದದಿಂದ ರಸ ತೊಟ್ಟಿಕ್ಕುತ್ತಿತ್ತು, ಅದನ್ನು ಒರೆಸಿಕೊಳ್ಳುವುದನ್ನೂ ಮರೆತು ಅವನು ನೆಲ ನೋಡುತ್ತಿದ್ದ. ನರೇಶ್ ಎದ್ದು ಬಾಯಿ ಬಿಟ್ಟರೆ ಸಿಕ್ಕಿಬೀಳುವವರು ಇವನೂ ಶ್ರೀಧರನೂ. ಬೆಳಿಗ್ಗೆ ಶ್ರೀಧರನನ್ನು ನರೇಶನ ಕೋಣೆಗೆ ಕಾವಲು ಕಳಿಸಿದ್ದು ಅವಳೇ. ಅವಳ ಬಾಯಲ್ಲಿ ಮತ್ತೆ ಉಪ್ಪಿನ ರುಚಿ ಬಂತು.

ಕೋಲಾರ ಇಲ್ಲಿಂದ ಎಷ್ಟು ಬೇಗ ಓಡಿಸಿದರೂ ಒಂದು ಗಂಟೆಯ ದಾರಿ. ಆಸ್ಪತ್ರೆಯ ನಂಬರಿಗೆ ಮಾಡಿದಳು, ಯಾರೂ ಎತ್ತಲಿಲ್ಲ. ಶ್ರೀಧರನಿಗೇ ಮಾಡಿದಳು. ಮೊದಲ ರಿಂಗಿಗೇ ಎತ್ತಿದ.

"ನಾನೇ ಮಾಡೋನಿದ್ದೆ ಮೇಡಂ," ಅಂದ. ದನಿ ಮೆತ್ತಗಿತ್ತು. "ನರೇಶ್ ಈಗ ತಾನೇ ಕಣ್ಣು ಬಿಟ್ಟ. ನನ್ನನ್ನೇ ನೋಡ್ತಿದಾನೆ."

"ಡಾಕ್ಟರನ್ನ ಕರೀರಿ."

"ಕರೀತೀನಿ. ಯಾರೂ ಒಳಗೆ ಬಂದು ತೊಂದರೆ ಕೊಡಬಾರದು ಅಂತ ಬಾಗಿಲು ಚಿಲಕ ಹಾಕಿದೀನಿ." ಹಿಂದುಗಡೆ ಲೋಟ ಟೇಬಲ್ಲಿಗೆ ತಾಗಿದ ಸದ್ದು ಕೇಳಿಸಿತು. "ಬಾಯಾರಿದೆ ಅಂತ ಕಾಣುತ್ತೆ, ನೀರು ಕೇಳ್ತಿದಾನೆ ಮೇಡಂ. ಕೊಡ್ಲಾ?"